ವಾರಕ್ಕೊಂದು ಗುಂಬಜ

ಮೊನ್ನೆ ಸ್ಟೇಶನ್ ಬಜಾರಿನಲ್ಲಿ ಚಹ ಕುಡಿಯುತ್ತ ಕೂತಿದ್ದೆ. ಪಕ್ಕದ ಲಾಡ್ಜಿನವರು ಬಂದು ಒಂದು ಕರಪತ್ರವನ್ನು ಕೈಗಿಟ್ಟು ಹೋದರು. ನನ್ನನ್ನು ಪರವೂರಿನವನೆಂದು ತಿಳಿದರೋ ಏನೋ. ಜೀವಮಾನವೆಲ್ಲ ಕಲಬುರಗಿಯ ಧೂಳು ಕುಡಿದವನ ಮುಖದಲ್ಲೂ ಪ್ರವಾಸಿಯ ಕಳೆ ಇರಬಹುದೆಂದು ನನಗೆ ಆವತ್ತೇ ಗೊತ್ತಾದದ್ದು. ಕರಪತ್ರದ ನೆತ್ತಿಯ ಮೇಲೆ ದಪ್ಪ ಅಕ್ಷರದಲ್ಲಿ ‘ಅರ್ಧ ದಿನದಲ್ಲಿ ನೋಡಬಹುದಾದ ಸ್ಥಳಗಳು’ ಎಂದಿತ್ತು. ಕೆಳಗೆ ಕೋಟೆ, ಕೋಟೆಯೊಳಗಿನ ಮಸೀದಿ, ದೊಡ್ಡ ಫಿರಂಗಿ ತೋಪು, ದರ್ಗಾ, ಶರಣರ ಗುಡಿ, ಕೆರೆ, ಏಳು ಗುಂಬಜ. ಒಂದೊಂದರ ಮುಂದೆಯೂ ಎಷ್ಟು ನಿಮಿಷ ಸಾಕೆಂಬುದನ್ನು ಬರೆದಿದ್ದರು.

ನನಗೊಂದು ಕೆಟ್ಟ ಚಟವಿದೆ. ಅಚ್ಚಾದ ಕಾಗದ ಕೈಗೆ ಬಂದರೆ ಕಿಸೆಯಿಂದ ಪೆನ್ಸಿಲು ಹೊರಗೆ ಬಂದುಬಿಡುತ್ತದೆ. ದೀರ್ಘ, ಒತ್ತು, ಇಸವಿ, ಹೆಸರು, ಎಲ್ಲವನ್ನೂ ತಿದ್ದುತ್ತೇನೆ. ತಿದ್ದಿದ್ದನ್ನು ಯಾರಿಗೂ ಕೊಡುವುದಿಲ್ಲ, ತಿದ್ದಿದ ಸಮಾಧಾನವೊಂದೇ. ಆವತ್ತೂ ಹಾಗೆಯೇ ತಿದ್ದುತ್ತ ಬಂದು ‘ಏಳು ಗುಂಬಜ, ಇಪ್ಪತ್ತು ನಿಮಿಷ’ ಎಂಬ ಸಾಲಿನ ಹತ್ತಿರ ನಿಂತೆ. ಅಲ್ಲಿ ತಪ್ಪೇನೂ ಇರಲಿಲ್ಲ. ಏಳು ಗುಂಬಜ ನೋಡಲು ಇಪ್ಪತ್ತು ನಿಮಿಷ ಸಾಕು, ಬೇಕಾದರೆ ಪ್ರಮಾಣ ಮಾಡಿ ಹೇಳುತ್ತೇನೆ. ಆದರೆ ನನ್ನ ಅಕ್ಕನಿಗೆ ಐದು ವಾರ ಹಿಡಿದಿತ್ತು. ಐದು ವಾರವಾದರೂ ಮುಗಿದಿರಲಿಲ್ಲ. ಮುಗಿಯದೆ ಹೋದದ್ದಕ್ಕೆ ಕಾರಣ ನಾನೇ. ಅದನ್ನು ನಿಮಗೆ ಹೇಳಿಬಿಡುತ್ತೇನೆ.

ಇದು ನಿಜಾಮರ ಕಾಲದ ಮಾತು. ಹುಮನಾಬಾದಿನಿಂದ ಕಮಲಾಪುರದ ಮೇಲೆ ಹಾದು ಕಲಬುರಗಿಗೆ ಮೋಟಾರು ಓಡಲು ಸುರುವಾಗಿ ಇನ್ನೂ ಹೆಚ್ಚು ದಿನವಾಗಿರಲಿಲ್ಲ. ಮೋಟಾರು ಬಂತೆಂದರೆ ಜನ ಕೆಲಸ ಬಿಟ್ಟು ನೋಡುತ್ತಿದ್ದರು. ಅದು ಅರ್ಧ ದಾರಿಯಲ್ಲಿ ನಿಂತರೆ ಇನ್ನೂ ಹೆಚ್ಚು ಜನ ನೋಡುತ್ತಿದ್ದರು.

ಅಕ್ಕನ ಹೆಸರು ಭಾಗಮ್ಮ. ನನಗಿಂತ ನಾಲ್ಕು ವರ್ಷ ದೊಡ್ಡವಳು. ಹುಟ್ಟಿದ್ದು, ಬೆಳೆದದ್ದು ಇದೇ ಊರಿನ ಬ್ರಹ್ಮಪುರದ ಓಣಿಯಲ್ಲಿ. ಊರಿನಲ್ಲೇ ಹುಟ್ಟಿದವಳು ಊರು ನೋಡಿರುತ್ತಾಳೆ ಎಂದು ನೀವು ತಿಳಿದುಕೊಂಡರೆ ಆ ಕಾಲದ ಹೆಣ್ಣುಮಕ್ಕಳ ಸಂಗತಿ ನಿಮಗೆ ಗೊತ್ತಿಲ್ಲವೆಂದೇ ಅರ್ಥ. ನಮ್ಮ ಮಾಳಿಗೆಯ ಮೇಲಿಂದ ಕೋಟೆಯ ಬುರುಜು ಕಾಣುತ್ತಿತ್ತು. ಹಪ್ಪಳ ಒಣಹಾಕಲು ಹೋದಾಗಲೆಲ್ಲ ಅಕ್ಕ ಅದನ್ನು ನೋಡುತ್ತಿದ್ದಳು, ಹತ್ತಿರಕ್ಕೆ ಹೋದದ್ದು ಮಾತ್ರ ಇಲ್ಲ. ಶ್ರಾವಣದಲ್ಲಿ ಅವ್ವನ ಹಿಂದೆ ಶರಣರ ಗುಡಿಗೆ ಹೋಗಿ ಬರುವುದು, ಅಷ್ಟೇ ಅವಳ ಕಲಬುರಗಿ. ಹದಿನಾಲ್ಕಕ್ಕೆ ಮದುವೆಯಾಗಿ ಕಮಲಾಪುರ ಸೇರಿದಳು.

ಕಮಲಾಪುರದವರದು ಬಾಳೆತೋಟದ ಮನೆತನ. ಅಲ್ಲಿಯ ಕೆಂಪು ಬಾಳೆಹಣ್ಣು ತಿಂದವರಿಗೆ ನಾನು ಅದರ ರುಚಿ ಹೇಳಬೇಕಾಗಿಲ್ಲ, ತಿನ್ನದವರಿಗೆ ಹೇಳಿ ಪ್ರಯೋಜನವಿಲ್ಲ. ಉಣ್ಣಲು ಉಡಲು ಅವಳಿಗೆ ಯಾವ ಕೊರತೆಯೂ ಇರಲಿಲ್ಲ. ಅವಳ ಗಂಡ, ನಾನು ಮಾಮಾ ಅನ್ನುತ್ತಿದ್ದವರು, ಸಾಧು ಮನುಷ್ಯ. ಮನೆಯಲ್ಲಿ ಮಾತು ನಡೆಯುವುದು ಅವರ ತಾಯಿ ನೀಲಮ್ಮನವರದು. ನೀಲಮ್ಮತ್ತಿ ಕೆಟ್ಟವರೆಂದು ನಾನು ಹೇಳಲಾರೆ. ಸೊಸೆಯ ಮೇಲೆ ಕೈಯೆತ್ತಿದವರಲ್ಲ, ಬೈದವರೂ ಅಲ್ಲ. ಅವರಿಗೆ ತಿಳಿಯುತ್ತಿದ್ದದ್ದು ಒಂದೇ, ಮನೆಯ ಹೆಂಗಸು ಕೆಲಸವಿಲ್ಲದೆ ಹೊಸ್ತಿಲು ದಾಟಬಾರದು. ಕೆಲಸವಿದ್ದರೆ ದಾಟಬಹುದು, ಆದರೆ ಕೆಲಸವೆಲ್ಲ ಹೊಸ್ತಿಲ ಒಳಗೇ ಇರುತ್ತಿತ್ತು. ನಮ್ಮ ಅಪ್ಪ ಅವ್ವ ತೀರಿಕೊಂಡ ಮೇಲೆ ತವರಿಗೆ ಹೋಗಿಬರುತ್ತೇನೆ ಅನ್ನಲೂ ಅಕ್ಕನಿಗೆ ದಾರಿ ಉಳಿಯಲಿಲ್ಲ. ಯಾಕೆಂದರೆ ತವರೆಂದರೆ ಬಾಡಿಗೆಯ ಒಂದು ಕೋಣೆ, ಅದರಲ್ಲಿ ನಾನು.

ನಾನಾಗ ಒಂದು ಸರ್ಕಾರಿ ಕಚೇರಿಯಲ್ಲಿ ಕಾರಕೂನ. ಶೇರವಾನಿ, ತಲೆಯ ಮೇಲೆ ರೂಮಿ ಟೊಪ್ಪಿಗೆ, ಕಿವಿಯ ಹಿಂದೆ ಕಲಮು. ಕಚೇರಿಯ ಕಾಗದಗಳೆಲ್ಲ ಉರ್ದುವಿನಲ್ಲಿ. ಚಿಕ್ಕಂದಿನಲ್ಲಿ ಮನೆಗೆ ಬಂದು ಕಲಿಸುತ್ತಿದ್ದ ಮೌಲ್ವಿಗಳ ದಯೆಯಿಂದ ನನಗೆ ಉರ್ದುವಿನ ಜೊತೆ ಸ್ವಲ್ಪ ಫಾರಸಿಯೂ ಬರುತ್ತಿತ್ತು. ಸ್ವಲ್ಪ ಬರುವವನ ಸೊಕ್ಕು ಪೂರ್ತಿ ಬರುವವನಿಗೆ ಇರುವುದಿಲ್ಲ. ಟಾಂಗಾದವನು ಬೇಡ ಅನ್ನಲು ‘ನಕ್ಕೊ’ ಅಂದರೆ ಅದು ಸರಿಯಾದ ಉರ್ದುವಲ್ಲ, ದಖನಿ ಎಂದು ತಿಳಿಹೇಳುತ್ತಿದ್ದೆ. ಅವನು ನನ್ನನ್ನು ಅಲ್ಲೇ ಬಿಟ್ಟು ಟಾಂಗಾ ಹೊಡೆದುಕೊಂಡು ಹೋದದ್ದೂ ಉಂಟು.

ನಿಜಾಮ ಸರ್ಕಾರದ ಕಚೇರಿಗಳಿಗೆ ವಾರದ ಸೂಟಿ ಶುಕ್ರವಾರ. ಅಂಥ ಒಂದು ಶುಕ್ರವಾರ ಬೆಳಿಗ್ಗೆ ಅಕ್ಕ ಮೋಟಾರಿನಿಂದ ಇಳಿದಳು. ಜೊತೆಯಲ್ಲಿ ಅವರ ತೋಟದ ಆಳು ಮಲ್ಲಪ್ಪ. ಅವನು ವಾರವಾರ ಬಾಳೆಯ ಬುಟ್ಟಿ ಹೇರಿಕೊಂಡು ಪೇಟೆಗೆ ಬರುವವನೇ. ಹಿಂದಿನ ವಾರವೇ ಅವನ ಕೈಯಲ್ಲಿ ಹೇಳಿ ಕಳಿಸಿದ್ದರಿಂದ ನಾನು ಹೋಗಿ ನಿಂತಿದ್ದೆ. ಅಕ್ಕನ ಸೆರಗು ತಲೆತುಂಬ ಇತ್ತು, ಕಂಕುಳಲ್ಲಿ ಬುತ್ತಿಯ ಗಂಟು.

“ಯಾಕ ಅಕ್ಕಾ, ಮನ್ಯಾಗ ಎಲ್ಲಾರೂ ಆರಾಮ ಅದಾರಿಲ್ಲ?” ಎಂದೆ.

“ಆರಾಮ ಅದಾರ. ಅತ್ತಿಯವರ ಮೊಣಕಾಲು ಅಷ್ಟ ಬ್ಯಾನಿ ಆಗ್ಯಾವ. ಅದಕ್ಕ ಏಳು ವಾರ ಹಿಡದೀನಿ.”

ವಾರ ಹಿಡಿಯುವುದೆಂದರೆ ಹರಕೆ ಹೊತ್ತು ಇಂತಿಷ್ಟು ವಾರ ನಡೆದುಕೊಳ್ಳುವುದು. ನಮ್ಮ ಕಡೆ ಹೆಂಗಸರು ಸೋಮವಾರ ಹಿಡಿಯುತ್ತಾರೆ, ಶನಿವಾರ ಹಿಡಿಯುತ್ತಾರೆ. ಗುಡಿಗೆ ಹಿಡಿಯುತ್ತಾರೆ, ದರ್ಗಾಕ್ಕೂ ಹಿಡಿಯುತ್ತಾರೆ.

“ಯಾವ ದೇವರದು?”

“ಹಫ್ತಾ ಗುಂಬಜದು.”

ನನ್ನ ಮೈಯಲ್ಲಿದ್ದ ಮೌಲ್ವಿಗಳು ಎದ್ದು ಕೂತರು. ಊರ ಮೂಡಲಿಗೆ ಹಳೆಯ ಸುಲ್ತಾನರ ಗೋರಿಗಳಿವೆ, ಅವಕ್ಕೆ ಹಫ್ತ್ ಗುಂಬಜ್ ಎಂದು ಹೆಸರು. ಫಾರಸಿಯಲ್ಲಿ ಹಫ್ತ್ ಅಂದರೆ ಏಳು. ಆದರೆ ನಮ್ಮ ಪೇಟೆಗಳಲ್ಲಿ ಫಾರಸಿ ಯಾರಿಗೆ ಗೊತ್ತು? ಎಲ್ಲರಿಗೂ ಗೊತ್ತಿದ್ದದ್ದು ಹಫ್ತಾ, ಅಂದರೆ ವಾರ. ಹೀಗಾಗಿ ಜನರ ಬಾಯಲ್ಲಿ ಅದು ಹಫ್ತಾ ಗುಂಬಜ, ವಾರದ ಗುಂಬಜ.

“ಅದು ಹಫ್ತಾ ಅಲ್ಲಕ್ಕಾ, ಹಫ್ತ್. ಫಾರಸಿ ಮಾತು. ಏಳು ಅಂತ ಅದರ ಅರ್ಥ.”

“ಹೌದೇನು? ನಾನೂ ಏಳಽ ಅಂದೀನಲ್ಲ. ಏಳು ವಾರ.”

ಅಕ್ಕ ದಾರಿಯಲ್ಲಿ ವ್ರತದ ಕಟ್ಟಳೆಗಳನ್ನು ಹೇಳುತ್ತ ಬಂದಳು. ಒಂದು ವಾರಕ್ಕೆ ಒಂದೇ ಗುಂಬಜ. ಆವತ್ತು ಬೇರೆ ಗುಂಬಜ ಕಣ್ಣಿಗೆ ಬೀಳಬಾರದು. ಕಾಲು ನೋಯುವವರು ತಾವೇ ಬರಬಾರದು, ಅವರ ಪರವಾಗಿ ಸೊಸೆ ಬರಬೇಕು, ಮಗಳು ಬಂದರೆ ನಡೆಯುವುದಿಲ್ಲ. ಮೋಟಾರು ಹೊರಡುವವರೆಗೆ ಊರು ಬಿಡಬಾರದು. ನೀಲಮ್ಮತ್ತಿ ಇದನ್ನು ಹೇಗೆ ಒಪ್ಪಿದರು ಎಂದು ಕೇಳಿದೆ. “ಹೆಸರಿನ್ಯಾಗಽ ಅದಲ್ಲ, ಹಫ್ತಾ ಅಂತ” ಎಂದಳು. ಹೆಸರೇ ಸಾಕ್ಷಿ ಹೇಳುವಾಗ ಅತ್ತಿ ಇನ್ನೇನು ಕೇಳಿಯಾರು? ಇಷ್ಟು ಅಳತೆಗೆ ಸರಿಯಾಗಿ ಹೊಲಿದ ವ್ರತವನ್ನು ಹೊಲಿದವರು ಯಾರೆಂದು ನನಗೂ ಆಗ ಹೊಳೆಯಲಿಲ್ಲ. ನನಗೆ ಹೊಳೆದದ್ದು, ನನ್ನ ಏಳು ಸೂಟಿಗಳು ಹೋದವಲ್ಲ ಎಂಬುದು ಮಾತ್ರ.

ಮೊದಲನೆಯ ಗುಂಬಜಕ್ಕೆ ಹೋದಾಗ ಅಕ್ಕ ಸೆರಗನ್ನು ಮುಖದ ಎಡಕ್ಕೂ ಬಲಕ್ಕೂ ಹಿಡಿದುಕೊಂಡು, ಉಳಿದವು ಕಾಣದಂತೆ ನೆಟ್ಟಗೆ ನಡೆದಳು. ಒಳಗೆ ಕತ್ತಲೆ, ಪಾರಿವಾಳಗಳ ಸದ್ದು. ನಾನು ಕಚೇರಿಯಲ್ಲಿ ಓದಿಕೊಂಡಿದ್ದ ಸುಲ್ತಾನರ ವಂಶಾವಳಿಯನ್ನು ಒಪ್ಪಿಸಿದೆ. ಅವಳು ಕತ್ತೆತ್ತಿ ಮೇಲಿನ ಗಚ್ಚಿನ ಹೂಬಳ್ಳಿಗಳನ್ನು ನೋಡುತ್ತ, “ಇಷ್ಟ ಎತ್ತರಕ್ಕ ಕೂತು ಹೂ ಮಾಡಿದವರು ಕೆಳಗ ನೋಡಿದ್ರ ತಲಿ ತಿರಗ್ತಿದ್ದಿಲ್ಲೇನು?” ಎಂದಳು. ನಾನು ಮುಂದಿನ ಸುಲ್ತಾನನ ಹೆಸರು ಹೇಳಿದೆ. ಒಟ್ಟು ಕಾಲು ಗಂಟೆಯಲ್ಲಿ ವ್ರತ ಮುಗಿಯಿತು. ಹೊರಗೆ ಬಿಸಿಲು ಇನ್ನೂ ಏರಿರಲಿಲ್ಲ, ಮೋಟಾರು ಮರಳುವುದು ಸಂಜೆ.

“ಈಗೇನು?” ಎಂದೆ.

“ಬಂದೀವಿ ಅಂದ ಮ್ಯಾಲ ಕೋಟಿನೂ ನೋಡೋಣ” ಎಂದಳು.

ಹೀಗೆ ಅವಳು ತನ್ನ ಇಪ್ಪತ್ತಾರನೆಯ ವಯಸ್ಸಿನಲ್ಲಿ ಮಾಳಿಗೆಯ ಮೇಲಿಂದ ಕಂಡಿದ್ದ ಬುರುಜಿನ ಬುಡಕ್ಕೆ ಬಂದಳು. ಕೋಟೆಯೊಳಗೆ ಆಗ ಜನ ಸಂಸಾರ ಮಾಡಿಕೊಂಡಿದ್ದರು. ಕಲ್ಲಿನ ಮೇಲೆ ಮೆಣಸಿನಕಾಯಿ ಒಣಗುತ್ತಿತ್ತು, ಆಡುಗಳು ಗೋಡೆ ಹತ್ತುತ್ತಿದ್ದವು. ದೊಡ್ಡ ತೋಪಿನ ಉದ್ದವನ್ನು ನಾನು ಗಜದ ಲೆಕ್ಕದಲ್ಲಿ ಹೇಳಿದೆ. ಅವಳು ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ಅದರ ಮೈಮೇಲೆ ಕೈಯಾಡಿಸುತ್ತ ನಡೆದಳು. ಬಿಸಿಲಿಗೆ ಕಾದಿದೆ, ಕೈ ಸುಡುತ್ತದೆ ಎಂದರೂ ಬಿಡಲಿಲ್ಲ. ಮಸೀದಿಯ ಬಾಗಿಲಲ್ಲಿ ಬಹಳ ಹೊತ್ತು ನಿಂತಳು. ಒಂದು ಕಮಾನಿನ ಹಿಂದೆ ಇನ್ನೊಂದು, ಅದರ ಹಿಂದೆ ಮತ್ತೊಂದು, ಕೊನೆಯೇ ಕಾಣದ ಹಾಗೆ. ಆಮೇಲೆ ಹೇಳಿದಳು:

“ತಮ್ಮಾ, ಇದಕ್ಕ ಅಂಗಳಾನಽ ಇಲ್ಲ.”

“ಮಸೀದಿಗೆ ಎಲ್ಲಾ ಕಡೆ ಅಂಗಳ ಇರ್ತದ, ನಿನಗ ಕಂಡಿಲ್ಲ ಅಷ್ಟ” ಎಂದು ನಾನು ಅವಳ ಮಾತನ್ನು ತಳ್ಳಿಹಾಕಿದೆ. ಎಷ್ಟೋ ವರ್ಷಗಳ ಮೇಲೆ ದಪ್ಪನೆಯ ಪುಸ್ತಕವೊಂದರಲ್ಲಿ, ಈ ಮಸೀದಿಯ ವಿಶೇಷವೇ ಅದು, ಅಂಗಳವಿಲ್ಲದೆ ಪೂರ್ತಿ ಮೇಲ್ಛಾವಣಿ ಹೊದ್ದದ್ದು ಎಂದು ಓದಿದೆ. ಅಂಗಳದಲ್ಲೇ ದಿನ ಕಳೆದವಳಿಗೆ ಅದು ಇಲ್ಲದಿದ್ದುದು ಬಾಗಿಲಲ್ಲೇ ಗೊತ್ತಾಗಿತ್ತು.

ಎರಡನೆಯ ವಾರ ಗುಲ್ಶನ್ ಬಾಗಿಗೆ ಹೋದೆವು. ಅಲ್ಲಿ ಅವಳು ಕಬ್ಬಿಣದ ಬೆಂಚಿನ ಮೇಲೆ ಕಾಲು ಇಳಿಬಿಟ್ಟು ಕೂತು, ಸ್ವಲ್ಪ ಹೊತ್ತಾದ ಮೇಲೆ ಸೆರಗಿನೊಳಗೇ ನಕ್ಕಳು. ಯಾಕೆ ನಗುತ್ತಿ ಎಂದರೆ ಏನಿಲ್ಲ ಎಂದಳು. ಮೂರನೆಯ ವಾರ ಸ್ಟೇಶನ್ನು, ಮುಂಬಯಿ ಕಡೆಯ ಗಾಡಿ. ನನ್ನ ಕಚೇರಿಯವರು ಯಾರಾದರೂ ನೋಡಿಯಾರೆಂದು ನಾನು ಕಂಬದ ಹಿಂದೆ ನಿಂತಿದ್ದೆ, ಅವಳು ಮುಂದೆ. ನಾಲ್ಕನೆಯ ವಾರ ದರ್ಗಾ, ಅಲ್ಲಿಂದ ಕೆರೆಯ ದಂಡೆ. ಎಲ್ಲಿ ಹೋದರೂ ಮಧ್ಯಾಹ್ನ ಬುತ್ತಿ ಬಿಚ್ಚುವುದು, ಜೋಳದ ರೊಟ್ಟಿ, ಶೇಂಗಾ ಹಿಂಡಿ, ಕೊನೆಗೊಂದು ಕೆಂಪು ಬಾಳೆಹಣ್ಣು. ನಾನು ಪ್ರತಿ ವಾರವೂ ಅದು ಹಫ್ತಾ ಅಲ್ಲ, ಹಫ್ತ್ ಎಂದು ತಿದ್ದುತ್ತಲೇ ಇದ್ದೆ. ಅವಳು ಪ್ರತಿ ವಾರವೂ “ಹೌದೇನು” ಎನ್ನುತ್ತಲೇ ಇದ್ದಳು.

ಗುಂಬಜಗಳ ಎಣಿಕೆಯಲ್ಲಿ ಒಂದು ತೊಡಕಿತ್ತು. ಅಲ್ಲಿ ಕೆಲವು ಜೋಡಿ ಗುಂಬಜಗಳು, ಒಂದೇ ಕಟ್ಟಡ, ನೆತ್ತಿಯ ಮೇಲೆ ಎರಡು. ಅವನ್ನು ಒಂದೆಂದು ಹಿಡಿಯಬೇಕೋ ಎರಡೆಂದೋ? ಒಂದೆಂದು ಹಿಡಿದರೆ ವ್ರತ ಬೇಗ ಮುಗಿಯುತ್ತದೆ, ನನ್ನ ಸೂಟಿ ನನಗೆ ಉಳಿಯುತ್ತದೆ ಎಂಬುದು ನನ್ನ ಹಂಚಿಕೆ. ಅಕ್ಕ ಒಪ್ಪಲಿಲ್ಲ. “ಎರಡು ನೆತ್ತಿ ಇದ್ರ ಎರಡು ವಾರ” ಎಂದು ಖಡಾಖಂಡಿತವಾಗಿ ಹೇಳಿದಳು.

ಐದನೆಯ ಶುಕ್ರವಾರ ಗುಂಬಜ ನೋಡಿಯಾದ ಮೇಲೆ, ಇನ್ನೆಲ್ಲಿಗೆ ಎಂದರೆ, “ಎಲ್ಲಿಗೂ ಬ್ಯಾಡ. ಚೌಕದಾಗ ನಿಂದರೋಣ” ಎಂದಳು. ಪೇಟೆಯ ನಟ್ಟನಡುವೆ, ಬಟ್ಟೆಯಂಗಡಿಯ ಕಟ್ಟೆಯ ಪಕ್ಕದಲ್ಲಿ ನಾವು ನಿಂತೆವು. ಕೊಳ್ಳುವುದು ಏನೂ ಇಲ್ಲ, ಕಾಯುವುದು ಯಾರನ್ನೂ ಅಲ್ಲ. ಅತ್ತರು ಮಾರುವವನು, ಕುರ್ಚಿ ಹೊತ್ತು ಹೋಗುವವನು, ಬುರ್ಖಾದೊಳಗಿಂದ ಕೈ ಚಾಚಿ ಬಳೆ ಇಡಿಸಿಕೊಳ್ಳುವ ಹೆಂಗಸು, ಕನ್ನಡದಲ್ಲಿ ಸುರುವಾಗಿ ಉರ್ದುವಿನಲ್ಲಿ ಮುಗಿಯುವ ಜಗಳ. ನನಗೆ ನಾಚಿಕೆ, ಕಾಲುನೋವು, ಎರಡೂ. ಒಂದು ಗಂಟೆಯ ಮೇಲೆ ಅವಳು ನಿಟ್ಟುಸಿರು ಬಿಟ್ಟು ಹೇಳಿದಳು: “ಇಲ್ಲಿ ಯಾರೂ ನನ್ನ ‘ಎಲ್ಲಿಗಿ ಹೊಂಟಿ’ ಅಂತ ಕೇಳವಲ್ಲರು.” ಅದು ನನ್ನ ಕಿವಿಗೆ ಬಿತ್ತು, ತಲೆಗೆ ಹೋಗಲಿಲ್ಲ. ಅವಳಿಗೆ ಬೇಕಾಗಿದ್ದದ್ದು ಅದೇ, ಏಳು ಶುಕ್ರವಾರ, ಯಾರೂ ಕೇಳದೆ ನಿಂತು ನೋಡುವ ಏಳು ದಿನ. ಇಂದು ನಿಮಗೆ ಹೇಳುವಾಗ ಎಷ್ಟು ಸಲೀಸಾಗಿ ಹೇಳುತ್ತೇನೆ ನೋಡಿ.

ಅತ್ತ ಕಮಲಾಪುರದಲ್ಲಿ ನೀಲಮ್ಮತ್ತಿಯ ಮೊಣಕಾಲು ಸುಧಾರಿಸುತ್ತಿತ್ತು. ಇದನ್ನು ನಾನು ಕಟ್ಟಿ ಹೇಳುತ್ತಿಲ್ಲ. ಎರಡನೆಯ ಗುಂಬಜಕ್ಕೆ ಅವರು ಗೋಡೆ ಹಿಡಿಯದೆ ಏಳತೊಡಗಿದರು, ನಾಲ್ಕನೆಯದಕ್ಕೆ ಕೋಲು ಮೂಲೆಗೆ ಹೋಯಿತು. ಐದನೆಯದಾಗುವ ಹೊತ್ತಿಗೆ ಎಳ್ಳಮಾವಾಸ್ಯೆ ಬಂತು, ಅವರು ತಾವೇ ಹೊಲಕ್ಕೆ ನಡೆದು ಬಂದರು. ಎಳ್ಳಮಾವಾಸ್ಯೆಗೆ ನಮ್ಮ ಕಡೆ ಬಂಧುಬಳಗವೆಲ್ಲ ಹೊಲದಲ್ಲಿ ಕೂಡಿ ಊಟ ಮಾಡುತ್ತೇವೆ. ನನ್ನನ್ನೂ ಕರೆದಿದ್ದರು. ಜೋಳದ ತೆನೆಗಳ ನಡುವೆ ಪಂಕ್ತಿ, ಸಜ್ಜೆ ರೊಟ್ಟಿ, ಕಡುಬು, ಹತ್ತು ತರಹದ ಕಾಳು ಸೊಪ್ಪು ಕೂಡಿಸಿ ಕುದಿಸಿದ ಭಜ್ಜಿ. ಭಜ್ಜಿಯ ಬಗ್ಗೆ ಒಂದು ಪುಟ ಬರೆಯುವ ಆಸೆಯಿದೆ, ಆದರೆ ತಪ್ಪೊಪ್ಪಿಗೆಯ ನಡುವೆ ಅಡುಗೆಯ ಮಾತು ಬೇಡ.

ಊಟದ ನಡುವೆ ಅತ್ತಿ ಬಂದವರಿಗೆಲ್ಲ ತಮ್ಮ ಮೊಣಕಾಲಿನ ವೃತ್ತಾಂತ ಹೇಳತೊಡಗಿದರು. “ಕಲಬುರಗ್ಯಾಗ ಹಫ್ತಾ ಗುಂಬಜ ಅದಾವಲ್ಲ, ವಾರಕ್ಕ ಒಂದ ನೋಡಬೇಕ್ರಿ. ಎರಡು ನೋಡಿದ್ರ ಫಲ ಇಲ್ಲ. ಅದಕ್ಕಽ ಹಿರ್ಯಾರು ಹಫ್ತಾ ಅಂತ ಹೆಸರಿಟ್ಟಾರ.”

ನಾನು ಗಂಟಲು ಸರಿಮಾಡಿಕೊಂಡೆ. ಅಕ್ಕ ಬಡಿಸುತ್ತಿದ್ದವಳು ನನ್ನ ಎಲೆಯ ಹತ್ತಿರ ಬಂದು ಒಂದು ಕಡುಬು ಹಾಕಿದಳು.

“ಅತ್ತೀ, ಅದು ಹಫ್ತಾ ಅಲ್ರಿ” ಎಂದೆ.

“ಉಣ್ಣು ತಮ್ಮಾ, ಆರಿ ಹೋಗ್ತದ” ಎಂದು ಅಕ್ಕ ಇನ್ನೊಂದು ಕಡುಬು ಹಾಕಿದಳು.

“ಹಫ್ತ್ ಅಂದ್ರ ಫಾರಸಿಯೊಳಗ ಏಳು. ಏಳು ಗುಂಬಜ ಅವ, ಅದಕ್ಕ ಆ ಹೆಸರು. ವ್ರತಾನೂ ಇಲ್ಲ, ವಾರಾನೂ ಇಲ್ಲ.” ಎಲೆಯ ಮೇಲೆ ಮೂರನೆಯ ಕಡುಬು ಬಿತ್ತು. ನಾನು ಅದನ್ನು ಪ್ರೀತಿಯೆಂದು ತಿಳಿದೆ. ಬಾಯಿ ಮುಚ್ಚಿಸಲು ಬೇರೆ ಏನೂ ಅವಳ ಕೈಯಲ್ಲಿರಲಿಲ್ಲವೆಂದು ತಿಳಿಯಲಿಲ್ಲ. ಪಂಕ್ತಿಯಲ್ಲಿ ಎಲ್ಲರೂ ನನ್ನ ಕಡೆ ನೋಡುತ್ತಿದ್ದರು. ಯಾರೋ “ಓದಿದವರು ಓದಿದವರಽ ಬಿಡ್ರಿ” ಎಂದರು. ನನಗೆ ಹೊಟ್ಟೆ ತುಂಬಿದಷ್ಟು ಸಂತೋಷವಾಯಿತು.

ನೀಲಮ್ಮತ್ತಿ ದಡ್ಡರಲ್ಲ. ರೊಟ್ಟಿ ಮುರಿಯುತ್ತ, “ಹಂಗಾದ್ರ ಏಳೂ ಒಂದಽ ದಿನ ನೋಡಿ ಬರಬಹುದಿತ್ತು” ಎಂದರು.

“ಬರಬಹುದಿತ್ತ್ರಿ. ಇಪ್ಪತ್ತು ನಿಮಿಷದ ಕೆಲಸ.”

ಅಕ್ಕ ಭಜ್ಜಿಯ ಪಾತ್ರೆ ಎತ್ತಿಕೊಂಡು ಮುಂದಿನ ಎಲೆಗೆ ಹೋದಳು.

ಆರನೆಯ ಶುಕ್ರವಾರ ಮೋಟಾರಿನಿಂದ ಮಲ್ಲಪ್ಪನೊಬ್ಬನೇ ಇಳಿದ. ಅದರ ಮರುವಾರ ಮನೆಮಂದಿಯೆಲ್ಲ ಬಂಡಿ ಕಟ್ಟಿಕೊಂಡು ಬಂದರು. ಹಿಡಿದ ವ್ರತವನ್ನು ಅರ್ಧಕ್ಕೆ ಬಿಡಬಾರದು, ಉಳಿದ ಎರಡನ್ನು ಒಂದೇ ಸಲ ನೋಡಿ ಮುಗಿಸಿಬಿಡುವುದೆಂದು ಅತ್ತಿಯ ತೀರ್ಮಾನ. ನಾನು ಗುಂಬಜಗಳ ಹತ್ತಿರ ಕಾಯುತ್ತಿದ್ದೆ. ಎಲ್ಲರೂ ಇಳಿದರು, ಅಕ್ಕ ಇಳಿಯಲಿಲ್ಲ.

“ಇಳಿಯವ್ವ” ಎಂದರು ಅತ್ತಿ.

“ನೀವು ನೋಡಿ ಬರ್ರಿ. ಎರಡು ಒಂದಽ ದಿನ ನಾ ನೋಡಂಗಿಲ್ಲ” ಎಂದು ಅಕ್ಕ ಹೇಳಿದಳು. ಅತ್ತಿಗೆ ಅವಳು ಎದುರುಮಾತಾಡಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ. ಅವರೂ ಒತ್ತಾಯ ಮಾಡಲಿಲ್ಲ. ನಾನೇ ಮುಂದಾಗಿ ಅವರನ್ನು ಆರನೆಯದಕ್ಕೂ ಏಳನೆಯದಕ್ಕೂ ಕರೆದುಕೊಂಡು ಹೋಗಿ ವಂಶಾವಳಿ ಹೇಳಿದೆ. ಅವರು ಹೂಂಗುಟ್ಟುತ್ತ ಬಂದರು. ಆದರೆ ಏಳನೆಯದರ ಮೆಟ್ಟಿಲಿಳಿಯುವಾಗ ಮೊಣಕಾಲು ಹಿಡಿದುಕೊಂಡು ಅಲ್ಲೇ ಕೂತುಬಿಟ್ಟರು. ಆ ನೋವು ಮತ್ತೆ ಹೋಗಲೇ ಇಲ್ಲ. “ಕಾರಕೂನ ನಡುವ ಬಾಯಿ ಹಾಕಿದ, ನನ್ನ ಕಾಲು ಹೋತು” ಎಂದು ಅವರು ಸಾಯುವವರೆಗೂ ಹೇಳುತ್ತಿದ್ದರು. ನಾನು ಅದನ್ನು ತಿದ್ದಲು ಹೋಗಲಿಲ್ಲ.

ಅವರು ದಣಿವಾರಿಸಿಕೊಳ್ಳುವಾಗ ನಾನು ಬಂಡಿಯ ಹತ್ತಿರ ಹೋದೆ. ಅಕ್ಕ ಗುಂಬಜಗಳಿಗೆ ಬೆನ್ನು ಮಾಡಿ ಕೂತಿದ್ದಳು.

“ಸಿಟ್ಟೇನು ಅಕ್ಕಾ? ನಾ ಹೇಳಿದ್ದು ಖರೇನಽ ಅದ. ಹಫ್ತ್ ಅಂದ್ರ ಏಳು.”

ಅವಳು ನನ್ನ ಕಡೆ ತಿರುಗಿದಳು. ಸಿಟ್ಟಿರಲಿಲ್ಲ, ದಣಿದಂತಿತ್ತು.

“ಯಕ್, ದೋ, ಸೆ, ಚಹಾರ್, ಪಂಜ್, ಶಶ್” ಎಂದು ಫಾರಸಿಯಲ್ಲಿ ನಿಧಾನವಾಗಿ ಎಣಿಸಿದಳು. “ಶಶ್ ಆದ ಮ್ಯಾಲ ನೀ ದಿನಾ ನಿಂದರತಿದ್ದಿ. ಮೌಲ್ವಿ ಸಾಹೇಬರು ಛಡಿ ಎತ್ತತಿದ್ರು. ಬಾಗಲಾ ಹಿಂದಿಂದ ‘ಹಫ್ತ್’ ಅಂತ ಯಾರು ಹೇಳಿಕೊಡ್ತಿದ್ರು, ನೆನಪದ ಏನು?”

ನೆನಪಿತ್ತು. ಪಡಸಾಲೆಯಲ್ಲಿ ನಾನು, ಮೌಲ್ವಿಗಳು, ಒಳಗಿನ ಬಾಗಿಲ ಸಂದಿಯಿಂದ ಅಕ್ಕನ ಪಿಸುಮಾತು. ನಾನು ಕಲಿತದ್ದೆಲ್ಲವನ್ನೂ ಅವಳು ಬಾಗಿಲ ಹಿಂದೆ ನಿಂತು, ಅಕ್ಷರಗಳನ್ನು ನನ್ನ ಪಾಟಿ ನೋಡಿ, ನನಗಿಂತ ಮೊದಲೇ ಕಲಿತಿದ್ದಳು. ಐದು ವಾರ ನಾನು ಆ ಮಾತಿನ ಅರ್ಥ ಹೇಳಿದ್ದು, ಅದನ್ನು ನನಗೆ ಕಲಿಸಿದವಳಿಗೇ.

“ಏಳು ದಿನಕ್ಕಽ ಹಫ್ತಾ ಅಂತಾರ” ಎಂದಳು. “ನಾ ಹೇಳಿದ್ದರಾಗ ಸುಳ್ಳು ಎಷ್ಟಿತ್ತು? ಎರಡು ವಾರ ಬಾಕಿ ಇದ್ವು, ತಮ್ಮಾ. ಎರಡಽ ವಾರ ನೀ ಸುಮ್ಮ ಇರಬೇಕಿತ್ತು.”

ನನಗೆ ನಿಂತಲ್ಲೇ ಅಳು ಬಂತು. ಅಷ್ಟರಲ್ಲಿ ಮಾಮಾ ಎತ್ತು ಹೂಡಲು ಬಂದರು.

ಮುಂದಿನ ಶುಕ್ರವಾರ ನನ್ನ ಸೂಟಿ ನನಗೆ ಮರಳಿ ಸಿಕ್ಕಿತು. ಏನು ಮಾಡಬೇಕೆಂದು ತಿಳಿಯದೆ ಗುಲ್ಶನ್ ಬಾಗಿಗೆ ಹೋಗಿ ಅದೇ ಬೆಂಚಿನ ಮೇಲೆ ಕೂತೆ. ಕಂಡದ್ದನ್ನೆಲ್ಲ ಒಂದು ಕಾಗದದಲ್ಲಿ ಬರೆದು ಅಕ್ಕನಿಗೆ ಕಳಿಸಿದೆ, ಉರ್ದುವಿನಲ್ಲಿ. ಆ ಮನೆಯಲ್ಲಿ ಉರ್ದು ಬಲ್ಲವರು ಬೇರೆ ಯಾರೂ ಇರಲಿಲ್ಲ. ಕಚೇರಿ ಸೇರಿ ತಮ್ಮನಿಗೆ ಕನ್ನಡ ಬರೆಯಲು ಮರೆತುಹೋಗಿದೆ, ಓದಲಿಕ್ಕೆ ತನಗೆ ನಾಲ್ಕಕ್ಷರ ಬರುತ್ತದೆ ಎಂದು ಅಕ್ಕ ಹೇಳಿದಳಂತೆ. ಅತ್ತಿ ಓದಿ ಹೇಳು ಅಂದರೆ, ತಮ್ಮ ಆರಾಮ ಇದ್ದಾನೆ, ಎಲ್ಲರನ್ನೂ ಕೇಳಿದ್ದಾನೆ ಎಂದು ಕನ್ನಡದಲ್ಲಿ ಓದುತ್ತಿದ್ದಳಂತೆ. ಎರಡು ವಾರದ ಮೇಲೆ ಮಲ್ಲಪ್ಪನ ಕೈಯಲ್ಲಿ ಉತ್ತರ ಬಂತು. ದುಂಡನೆಯ ಉರ್ದು ಅಕ್ಷರ. ಮೊದಲನೆಯ ಸಾಲಿನಲ್ಲೇ, ಗುಲ್ಶನ್ ಎಂದು ಬರೆಯುವಾಗ ಶಕಾರದ ಮೇಲಿನ ಮೂರು ಚುಕ್ಕೆ ಬಿಟ್ಟಿದ್ದೀ, ನೋಡಿ ಬರೆ ಎಂದಿದ್ದಳು. ಕೊನೆಯಲ್ಲಿ, ಊರೊಳಗೆ ಏನು ಕಂಡರೂ ಬರೆ, ಆ ಎರಡು ಗುಂಬಜದ ಸುದ್ದಿ ಮಾತ್ರ ಬರೆಯಬೇಡ, ಅವು ನನ್ನವು ಎಂದಿದ್ದಳು.

ವರ್ಷಗಟ್ಟಲೆ ಬರೆದೆ. ಅವಳ ಸಲುವಾಗಿ ನೋಡುವುದನ್ನು ಕಲಿತೆ ಎಂದರೂ ನಡೆದೀತು. ತೋಪಿನ ಮೇಲೆ ಕೈಯಾಡಿಸಿದೆ, ಚೌಕದಲ್ಲಿ ಸುಮ್ಮನೆ ನಿಂತೆ. ಆಮೇಲೆ ಕಾಲ ಬದಲಾಯಿತು, ನೀಲಮ್ಮತ್ತಿ ಹೋದರು, ನಿಜಾಮರೂ ಹೋದರು. ಅಕ್ಕ ಮನೆಯ ಯಜಮಾನಿಯಾದಳು. ಮದುವೆಗೆಂದು, ದವಾಖಾನೆಗೆಂದು ಎಷ್ಟೋ ಸಲ ಕಲಬುರಗಿಗೆ ಬಂದಳು. ಬಂದಾಗಲೆಲ್ಲ ನಾನು, ಆ ಎರಡು ಗುಂಬಜ ನೋಡಿ ಬರೋಣ ನಡಿ ಎನ್ನುತ್ತಿದ್ದೆ. ಒಮ್ಮೆ ಅವಳು ಹೇಳಿದಳು:

“ಬ್ಯಾಡ ಬಿಡು. ಇನ್ನಾ ಎರಡು ವಾರ ಬಾಕಿ ಅವ ಅಂತ ಅನಕೊಂತಽ ಆ ಮನ್ಯಾಗ ಇಷ್ಟು ವರ್ಷ ತೆಗದೀನಿ. ಈಗ ನೋಡಿದ್ರ ಮುಗದು ಹೋಗ್ತಾವ.”

ಹೋದ ವರ್ಷ ಅಕ್ಕ ತೀರಿಕೊಂಡಳು. ಬಾಕಿ ಎರಡು ವಾರ ಹಾಗೆಯೇ ಉಳಿದವು.

ಮೊನ್ನೆ ಸ್ಟೇಶನ್ ಬಜಾರಿನಿಂದ ಎದ್ದವನು ನೇರ ಮನೆಗೆ ಬರಲಿಲ್ಲ. ಆಟೋ ಹಿಡಿದು ಗುಂಬಜಗಳ ಹತ್ತಿರ ಹೋಗಿ ಐದನೆಯದರ ನೆರಳಿನಲ್ಲಿ ಕೂತು ಬಂದೆ. ಆರನೆಯದರಲ್ಲಿ, ಏಳನೆಯದರಲ್ಲಿ ಏನಿದೆ ಎಂದು ನೀವು ಕೇಳುತ್ತೀರಿ. ನನಗೆ ಚೆನ್ನಾಗಿ ಗೊತ್ತಿದೆ. ಯಾರ ಗೋರಿ, ಯಾವ ಸಾಲಿನ ಕಟ್ಟಡ, ಛತ್ತಿನಲ್ಲಿ ಯಾವ ಹೂವು, ಎಲ್ಲವನ್ನೂ ಈಗಲೇ ಬರೆಯಬಲ್ಲೆ. ಬರೆಯುವುದಿಲ್ಲ. ಸುಮ್ಮನಿರಬೇಕಾದಲ್ಲಿ ಸುಮ್ಮನಿರುವುದನ್ನು ನಾನು ಕೊನೆಗೂ ಕಲಿತೆ. ಕಲಿಸಿದವಳಿಗೆ ಅದರಿಂದ ಎರಡು ಶುಕ್ರವಾರವೂ ಸಿಗಲಿಲ್ಲ.